ಚೌರಿಯಕ್ಕ ಸೋಫಾದ ಮೇಲೆ ಕೂತಳು

ನನ್ನ ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ನೇತುಹಾಕಿರುವ ಗೋಡೆಯ ಪಕ್ಕ, ಒಂದು ಇಕ್ಕಟ್ಟಾದ ಮರದ ಮೆಟ್ಟಿಲಿದೆ. ಅದು ಮೇಲಿನ ಕೋಣೆಗೆ ಹೋಗುತ್ತದೆ. ಅಲ್ಲಿ ಚೌರಿಯಕ್ಕ ವಿಗ್ ಹೆಣೆಯುತ್ತಾಳೆ. ಆ ಕೋಣೆಗೆ ಬೀದಿ ಕಡೆಯಿಂದ ಬೇರೆ ಬಾಗಿಲೇ ಇದೆ, ಆದರೆ ಅವಳ ಗಿರಾಕಿಗಳು ಅದನ್ನು ಬಳಸುವುದು ಕಡಿಮೆ. ಅವರು ನನ್ನ ಅಂಗಡಿಗೆ ಬಂದು ಒಂದೆರಡು ಫ್ರೇಮು ಎತ್ತಿ ನೋಡಿದಂತೆ ಮಾಡುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ಏನೂ ಕೇಳದೆ ಮೆಟ್ಟಿಲಿನ ಮುಂದಿನ ಪರದೆ ಸರಿಸುತ್ತೇನೆ. ಹೊರಗಿನವರ ಪಾಲಿಗೆ ಅವರು ಕನ್ನಡಕ ಕೊಳ್ಳಲು ಬಂದವರು, ಅಷ್ಟೆ.

ಈ ಏರ್ಪಾಡು ಅಕ್ಕನದೇ. ಬಾಡಿಗೆಗೆ ಬಂದ ಹೊಸತರಲ್ಲೇ ಅವಳು ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದ್ದಳು: "ನೋಡು ಕನ್ನಡಕ, ನನ್ನ ಹತ್ರ ಬರೋರು ಜೀವ ಕೈಯಲ್ಲಿ ಹಿಡ್ಕೊಂಡು ಬರ್ತಾರೆ. ಅವರನ್ನ ಬೀದೀಲಿ ನಿಲ್ಲಿಸೋಕೆ ಆಗಲ್ಲ. ನಿನ್ನ ಅಂಗಡಿ ಮೂಲಕ ಕಳಿಸ್ತೀನಿ. ಯಾರು, ಏನು ಅಂತ ಕೇಳಿದ್ಯೋ, ನಿನ್ನ ತಲೇಲಿ ಉಳಿದಿರೋ ನಾಲ್ಕು ಕೂದಲನ್ನೂ ಕಿತ್ಕೋತೀನಿ." ಅಂದಿನಿಂದ ಅವಳ ಬಾಯಲ್ಲಿ ನನ್ನ ಹೆಸರೇ ಕನ್ನಡಕ.

ಅವಳ ಅಪ್ಪ ನಾಟಕದವರಿಗೆ ಕೂದಲು ಕಟ್ಟುತ್ತಿದ್ದ. ರಾಜನಿಗೆ ಒಂದು, ರಾಕ್ಷಸನಿಗೆ ಒಂದು, ಮುದುಕಿಗೆ ಒಂದು. ನಾಟಕಗಳು ನಿಂತ ಮೇಲೆ ಅವಳು ಹೆಂಗಸರಿಗೆ ಚೌರಿ ಮಾಡಿ ಮಾರಿದಳು. ಹೆಸರು ಅಂಟಿದ್ದು ಆಗ. ಗಂಡ ತೀರಿಕೊಂಡ ಮೇಲೆ, ದೊಡ್ಡಾಸ್ಪತ್ರೆಯ ನರ್ಸೊಬ್ಬರು ಕಾಯಿಲೆಯಿಂದ ಕೂದಲು ಉದುರಿದ ಹೆಂಗಸೊಬ್ಬಳನ್ನು ಕಳಿಸಿದರು. ಅಲ್ಲಿಂದ ಅದೇ ಅವಳ ಕಸುಬಾಯಿತು. ಕಿವಿಯಿಂದ ಕಿವಿಗೆ ಟೇಪು ಹಿಡಿದು ಅಳತೆ ತೆಗೆಯುವಾಗ ಮಾತ್ರ ಅವಳ ದನಿ ತಗ್ಗುತ್ತಿತ್ತು. ಉಳಿದ ಹೊತ್ತೆಲ್ಲ ಮೂಗಿನ ತುದಿಯಲ್ಲೇ ಕೋಪ. ತಲೆಗೆ ಕೂರುವ ಬಲೆಯ ಮೇಲೆ ಸಣ್ಣ ಕೊಕ್ಕೆಯಿಂದ ಒಂದೊಂದೇ ಕೂದಲು ಗಂಟು ಹಾಕುತ್ತಾ ಕರೆಂಟಿನವನನ್ನು, ನೀರಿನವನನ್ನು, ಸತ್ತ ಗಂಡನನ್ನು, ನನ್ನನ್ನು ಬಯ್ಯುತ್ತಿದ್ದಳು. ಕಪ್ಪು ಕೂದಲಿನ ನಡುವೆ ಅಲ್ಲೊಂದು ಇಲ್ಲೊಂದು ನರೆಗೂದಲು ಸೇರಿಸುವುದು ಅವಳ ಪದ್ಧತಿ. "ಪೂರ್ತಿ ಕಪ್ಪಿದ್ರೆ ಕಳ್ಳಮಾಲು ಅಂತ ಗೊತ್ತಾಗುತ್ತೆ" ಅನ್ನುತ್ತಿದ್ದಳು. ಬೀದಿಯಲ್ಲಿ ಗಿರಾಕಿ ಎದುರಾದರೆ ತಾನಾಗಿ ಗುರುತು ಹಿಡಿಯುತ್ತಿರಲಿಲ್ಲ. ಅವರೇ ನಕ್ಕರೆ ನಗುವಳು, ಇಲ್ಲವಾದರೆ ಗೋಡೆ ನೋಡಿಕೊಂಡು ಹೋಗುವಳು.

ಬರುಬರುತ್ತಾ ಗಿರಾಕಿಗಳು ಕಡಿಮೆಯಾದರು. ಆಸ್ಪತ್ರೆಯಲ್ಲಿ ಕಾಯಿಲೆಯವರು ಏನೂ ಕಮ್ಮಿಯಾಗಿರಲಿಲ್ಲ. ಆದರೆ ಈಗ ಯಾರೂ ನರ್ಸನ್ನು ಕೇಳುವುದಿಲ್ಲ, ಹಾಸಿಗೆಯಲ್ಲೇ ಮಲಗಿ ಫೋನಿನಲ್ಲಿ ಹುಡುಕುತ್ತಾರೆ. ಒಂದು ಮಧ್ಯಾಹ್ನ ಅಕ್ಕನ ಮಗಳು ಊಟದ ಬಿಡುವಿನಲ್ಲಿ ಬಂದವಳು, ನನ್ನ ಕೌಂಟರಿನ ಮೇಲೆ ಫೋನಿಟ್ಟು 'ವಿಗ್' ಎಂದು ಹುಡುಕಿ ನನಗೂ ಅಕ್ಕನಿಗೂ ತೋರಿಸಿದಳು. ಊರಾಚೆಯ ಮಾಲಿನಲ್ಲಿ ಪ್ಲಾಸ್ಟಿಕ್ ಕೂದಲು ಮಾರುವ ಅಂಗಡಿ ಮೊದಲು ಬಂತು. ಆಮೇಲೆ ಮನೆಗೇ ತಂದು ಕೊಡುವವರು. ನಮ್ಮ ಬೀದಿಯ ನಕ್ಷೆಯಲ್ಲಿ ನನ್ನ ಅಂಗಡಿ ಇತ್ತು, ಬೇಕರಿ ಇತ್ತು, ಮೂಲೆಯ ಸಾರ್ವಜನಿಕ ಶೌಚಾಲಯವೂ ಇತ್ತು. ಅಕ್ಕ ಇರಲಿಲ್ಲ.

"ಹಾಗಾದ್ರೆ ನಾನು ಸತ್ತಿದ್ದೀನಾ?" ಎಂದಳು ಅಕ್ಕ.

"ಇದರಲ್ಲಿ ಕಾಣಿಸ್ದೆ ಇದ್ರೆ ಹಾಗೇ ಲೆಕ್ಕ ಅಮ್ಮಾ" ಎಂದಳು ಮಗಳು.

"ಕಕ್ಕಸಿಗೆ ಇರೋ ಮರ್ಯಾದೆ ನನಗಿಲ್ವಲ್ಲೇ!"

ಅದಾದ ಸ್ವಲ್ಪ ದಿನಕ್ಕೆ ನಮ್ಮ ಬೀದಿಗೆ 'ಟೈ' ಬಂದ. ಆ ಯುವಕನಿಗೆ ಒಂದು ಹೆಸರಿತ್ತು, ಆದರೆ ಬಿಸಿಲಿನಲ್ಲಿ ಬೆವರು ಸುರಿಸಿಕೊಂಡು ಕುತ್ತಿಗೆಗೆ ಟೈ ಬಿಗಿದು ಅಂಗಡಿ ಅಂಗಡಿ ತಿರುಗುವವನನ್ನು ಬೇರೆ ಏನೆಂದು ಕರೆಯುವುದು? ಸಣ್ಣ ವ್ಯಾಪಾರಿಗಳನ್ನು ಇಂಟರ್ನೆಟ್ಟಿನಲ್ಲಿ ಮೇಲಕ್ಕೆ ತರುವ ಕಂಪನಿಯವನು ತಾನು ಎಂದ. ಮಾತು ಬೆಣ್ಣೆಯಂತೆ. ಅಕ್ಕನ ಕೋಣೆಗೆ ಹೋಗಿ, ಅವಳು ಹೆಣೆದದ್ದನ್ನು ಮುಟ್ಟಿ ನೋಡಿ, "ಇಂಥ ಕೈಕೆಲಸ ಜನಕ್ಕೆ ಗೊತ್ತಾಗ್ದೆ ಇರೋದು ಅನ್ಯಾಯ ಅಕ್ಕಾ" ಎಂದ. ಅಷ್ಟು ವರ್ಷಗಳಲ್ಲಿ ಅವಳ ಕೆಲಸವನ್ನು ಯಾರೂ ಬಾಯಿ ಬಿಟ್ಟು ಹೊಗಳಿರಲಿಲ್ಲ. ಹೊಗಳಬೇಕಾದವರೆಲ್ಲ ಗುಟ್ಟಾಗಿ ಬಂದು ಗುಟ್ಟಾಗಿ ಹೋದವರು. ಅಕ್ಕ ಕರಗಿದಳು.

"ನನ್ನ ಗಿರಾಕಿಗಳ ವಿಷಯ ಮಾತ್ರ ಹೊರಗೆ ಬರಬಾರದು" ಎಂದು ಅವಳು ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಮೆಟ್ಟಿಲ ಮೇಲೆ ಚಹಾ ಹಿಡಿದುಕೊಂಡು ನಿಂತಿದ್ದೆ.

"ಒಂದು ಕೂದಲೂ ಕೊಂಕಲ್ಲ ಅಕ್ಕಾ. ಫೋನ್ ಕೊಡಿ, ಆ್ಯಪ್ ಹಾಕ್ಕೊಡ್ತೀನಿ."

ಅವಳು ಫೋನು ಕೊಟ್ಟಳು. ಅವನು ಅದರ ಮೇಲೆ ಪಟಪಟನೆ ಒತ್ತಿದ. ಪರದೆಯ ಮೇಲೆ ಏನೇನೋ ಪ್ರಶ್ನೆಗಳು ಬಂದವು, ಅವನೇ ಹೌದು, ಹೌದು ಎಂದು ಒತ್ತುತ್ತಾ ಹೋದ. ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದ. ಒಳ್ಳೆ ಹುಡುಗ ಎಂದುಕೊಂಡೆವು.

ಮೊದಮೊದಲು ಎಲ್ಲ ಸರಿಯಾಗೇ ಇತ್ತು. ನಕ್ಷೆಯಲ್ಲಿ ಅಕ್ಕ ಮೂಡಿದಳು. ಫೋನು ರಿಂಗಾಗತೊಡಗಿತು. ಆಮೇಲೆ ಹಳೆಯ ಗಿರಾಕಿಗಳಿಗೆ ಅವಳ ಹೆಸರಿನಲ್ಲೇ ಸಂದೇಶಗಳು ಹೋಗಿವೆ ಎಂದು ತಿಳಿಯಿತು. 'ನಿಮ್ಮ ಕೂದಲು ಮತ್ತೆ ಬೆಳೆಯಿತೇ? ಇಲ್ಲವಾದರೆ ಈ ವಾರ ರಿಯಾಯಿತಿ!' ಹೆಂಡತಿಯನ್ನು ಕಳೆದುಕೊಂಡ ಮುದುಕರೊಬ್ಬರಿಗೆ ಆ ಸಂದೇಶ ಹೋಗಿತ್ತು. ಹಿಂದೆ ಆಕೆಗಾಗಿ ಅಕ್ಕನಿಗೆ ಫೋನು ಮಾಡುತ್ತಿದ್ದವರು ಅವರೇ. ಅವರು ಕರೆ ಮಾಡಿ, "ಅವಳು ಹೋಗಿ ವರ್ಷವಾಯ್ತಮ್ಮ" ಎಂದಷ್ಟೇ ಹೇಳಿ ಇಟ್ಟರು. ಅಕ್ಕ ಟೈಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದಳು. ಅವನು ಸಾರಿ ಕೇಳಿದ, ಸಿಸ್ಟಮ್ ತಾನಾಗಿಯೇ ಕಳಿಸಿದ್ದು, ನಿಲ್ಲಿಸುತ್ತೇನೆ ಎಂದ.

ನಂತರ ಬಂದವರು ಟೀಚರ್.

ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ಅವರಿಗೆ ದೊಡ್ಡ ಕಾಯಿಲೆಯೇನೂ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಲೆಗೂದಲು, ಹುಬ್ಬು ಎಲ್ಲ ಉದುರಿತ್ತು, ಮತ್ತೆ ಬಂದಿರಲಿಲ್ಲ. ಅಕ್ಕ ಹೆಣೆದ ಕೂದಲನ್ನು ಹಾಕಿಕೊಂಡೇ ಅವರು ಓದಿದ್ದು, ಕೆಲಸಕ್ಕೆ ಸೇರಿದ್ದು. ಶಾಲೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಯಾವಾಗಲೂ ನನ್ನ ಅಂಗಡಿಯ ಮೂಲಕವೇ ಹೋಗುತ್ತಿದ್ದರು, ಸಂಕೋಚಕ್ಕೆ ಪ್ರತಿ ಸಲ ಕನ್ನಡಕ ಒರೆಸುವ ಬಟ್ಟೆಯೊಂದನ್ನು ಕೊಳ್ಳುತ್ತಿದ್ದರು. ಆ ದಿನ ಬೀದಿ ಬಾಗಿಲಿನಿಂದಲೇ, ಎಲ್ಲರೂ ನೋಡುತ್ತಿರುವಂತೆ ಹತ್ತಿ ಹೋದರು. ಒಳಗಿನ ಮೆಟ್ಟಿಲಿನಿಂದ ನಾನೂ ಹೋದೆ.

ಅವರು ಮೇಜಿನ ಮೇಲೆ ಫೋನಿಟ್ಟಿದ್ದರು. ಅದರಲ್ಲಿ ಒಂದು ಜಾಹೀರಾತು. ಎಡಗಡೆ ಅವರದೇ ಬೋಳು ತಲೆ, ಬಲಗಡೆ ವಿಗ್ ಹಾಕಿದ ನಗುಮುಖ. ಮೇಲೆ 'ಹೀಗಿದ್ದವರು ಹೀಗಾದರು!' ಕೆಳಗೆ ಅಕ್ಕನ ಅಂಗಡಿಯ ಹೆಸರು, ನಂಬರು. ವಿಗ್ಗಿನ ಹಣೆಯ ಅಂಚು ಸರಿಯಾಗಿ ಕೂರಲಿ ಎಂದು ಆ ಫೋಟೋಗಳನ್ನು ಟೀಚರೇ ಅಕ್ಕನ ಫೋನಿಗೆ ಕಳಿಸಿದ್ದರು. ಊರಲ್ಲಿ ಯಾರೇ ಕೂದಲಿನ ಬಗ್ಗೆ ಏನು ಹುಡುಕಿದರೂ ಈಗ ಮೊದಲು ಬರುತ್ತಿದ್ದುದು ಆ ಚಿತ್ರ.

"ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಇವತ್ತು ಮೊಟ್ಟೆ ಬರೆದಿದ್ರು" ಎಂದರು ಟೀಚರ್. ದನಿ ಏರಲಿಲ್ಲ. "ಮೊಟ್ಟೆಗೆ ನನ್ನ ಕನ್ನಡಕವನ್ನೂ ಹಾಕಿದ್ರು."

"ಅಯ್ಯೋ, ಟೀಚರ್, ನಾನು..."

"ನಾನು ಅಮ್ಮನಿಗೂ ಆ ಫೋಟೋ ತೋರಿಸಿರಲಿಲ್ಲ. ನಿಮಗೆ ಕಳಿಸಿದ್ದೆ."

ಅಷ್ಟು ಹೇಳಿ ಅವರು ವಿಗ್ ತೆಗೆದು ಮೇಜಿನ ಮೇಲಿಟ್ಟು, ದುಪಟ್ಟಾ ಹೊದ್ದುಕೊಂಡು ಇಳಿದು ಹೋದರು. ಅಕ್ಕ ಅದನ್ನು ಮುಟ್ಟಲೂ ಇಲ್ಲ. ಅವಳು ಬಯ್ಯದೆ ಕೂತದ್ದನ್ನು ನಾನು ನೋಡಿದ್ದು ಆಗಲೇ ಮೊದಲು. ಅದಕ್ಕಿಂತ ಅವಳ ಬೈಗುಳವೇ ವಾಸಿ ಅನ್ನಿಸಿತು.

ಮಗಳು ಬಂದು ಫೋನು ತಡಕಾಡಿದಳು. "ಫೋಟೋ, ಕಾಂಟ್ಯಾಕ್ಟ್, ಮೆಸೇಜ್, ನೀನು ಎಲ್ಲಿದ್ದೀಯ ಅನ್ನೋದು... ಎಲ್ಲಾದಕ್ಕೂ ಒಪ್ಪಿಗೆ ಕೊಟ್ಟಿದ್ದೀಯಮ್ಮಾ. ಜಾಹೀರಾತಿಗೆ ಬಳಸ್ಕೋಬಹುದು ಅಂತಾನೂ ಇದೆ."

"ನಾನೆಲ್ಲಿ ಕೊಟ್ಟೆ? ಆ ಬೋಳಿಮಗ ತಾನೇ ಒತ್ತಿದ!"

"ಫೋನು ನಿಂದಲ್ವಾ?"

ಆ ಮಾತು ಅವಳಿಗೆ ನಾಟಿತು. ಎದ್ದು ಮುಖ ತೊಳೆದುಕೊಂಡು ಬಂದಳು. ಆಮೇಲೆ ಶುರುವಾಯಿತು ನೋಡಿ.

ಟೈ ಫೋನು ಎತ್ತಲಿಲ್ಲ. ಕಂಪನಿಯ ನಂಬರಿಗೆ ಕರೆ ಮಾಡಿದರೆ ಒಂದು ಹೆಣ್ಣು ದನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳುತ್ತಾ ಕೊನೆಗೆ ಸಂಗೀತ ಹಾಕಿ ಕೈಬಿಡುತ್ತಿತ್ತು. ಅಕ್ಕ ಆ ಸಂಗೀತಕ್ಕೂ ಬೈದಳು. ಹುಡುಕಾಟದ ದೊಡ್ಡ ಕಂಪನಿಗೆ ಮಗಳು ದೂರು ಬರೆದಳು. ಪರಿಶೀಲಿಸುತ್ತೇವೆ ಎಂದು ಕ್ಷಣಾರ್ಧದಲ್ಲಿ ಉತ್ತರ ಬಂತು, ಮತ್ತೇನೂ ಬರಲಿಲ್ಲ. ಪೊಲೀಸ್ ಠಾಣೆಗೆ ನಾನೂ ಅಕ್ಕನೂ ಹೋದೆವು. ಬರೆದುಕೊಳ್ಳುವ ಪೊಲೀಸಪ್ಪ ಪೆನ್ನಿನ ತುದಿ ಕಚ್ಚುತ್ತಾ, "ಇದನ್ನ ಆನ್‌ಲೈನ್‌ನಲ್ಲೇ ಕಂಪ್ಲೇಂಟ್ ಮಾಡ್ಬೇಕಮ್ಮ" ಎಂದ. ಆನ್‌ಲೈನಿಗೆ ಹೋದರೆ ಸಾಕ್ಷಿಗಾಗಿ ಆ ಫೋಟೋವನ್ನು ಅಪ್‌ಲೋಡ್ ಮಾಡಿ ಎಂದು ಕೇಳಿತು.

"ಇನ್ನೊಂದ್ಸಲ ಕೊಡ್ಬೇಕಾ? ಇವರಿಗೂ?" ಅಕ್ಕ ಫೋನನ್ನು ಮಗುಚಿ ಇಟ್ಟಳು. "ಇಡೀ ಲೋಕವೇ ಸೇರಿ ತಲೆ ಬೋಳಿಸ್ತಾ ಇದ್ಯಲ್ಲೋ ಕನ್ನಡಕ! ಬೋಳಿಸಿದ ತಲೆಗಳಿಗೆ ಕೂದಲು ಕಟ್ಟಿ ಬದುಕಿದವಳು ನಾನು. ನನ್ನ ಕೈಯಿಂದಾನೇ ಈ ಕೆಲಸ ಮಾಡಿಸಿದ್ರಲ್ಲ!"

ವಕೀಲರೊಬ್ಬರನ್ನು ಕಂಡೆವು. ಫೋಟೋ ಟೀಚರ್ ಅವರದು, ನೊಂದವರು ಅವರು, ಕೇಸು ಹಾಕಬೇಕಾದವರೂ ಅವರೇ ಎಂದರು. ಟೀಚರ್ ಮನೆಗೆ ಹೋದರೆ ಅವರು ಗೇಟಿನ ಒಳಗೇ ನಿಂತು, "ಕೋರ್ಟಲ್ಲಿ ಎಲ್ಲರೆದುರು ನನ್ನ ತಲೆ ವಿಷಯ ಮಾತಾಡ್ಬೇಕಾ? ಬೇಡ. ನೀವು ಮತ್ತೆ ಬರ್ಬೇಡಿ" ಎಂದರು. ಅವರು ರಜೆ ಹಾಕಿದ್ದರು. ಬೇರೆ ಶಾಲೆಗೆ ವರ್ಗ ಕೇಳಿದ್ದರು.

ಮರುದಿನ ಅಕ್ಕ ಒಂದು ಚೀಲದಲ್ಲಿ ವಿಗ್ ಕೂರಿಸುವ ಮರದ ತಲೆ, ಬಲೆ, ಕೊಕ್ಕೆ, ಒಂದು ಜಡೆ ಕೂದಲು ಹಾಕಿಕೊಂಡು ಇಳಿದು ಬಂದಳು. "ಅಂಗಡಿ ಮುಚ್ಚು. ನಡಿ" ಎಂದಳು. ನಾನು ಬಾಗಿಲು ಎಳೆದು ಬೀಗ ಹಾಕಿದೆ.

ಕಂಪನಿ ಇದ್ದದ್ದು ಗಾಜಿನ ಕಟ್ಟಡವೊಂದರ ಮೊದಲ ಮಹಡಿಯಲ್ಲಿ. ಒಳಗೆ ಹೊಕ್ಕರೆ ತಣ್ಣನೆ ಗಾಳಿ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ನಿಮ್ಮ ಗಿರಾಕಿಯನ್ನು ನಿಮಗಿಂತ ಚೆನ್ನಾಗಿ ನಾವು ಬಲ್ಲೆವು' ಎಂದಿತ್ತು. ಅದರ ಕೆಳಗೆ ಉದ್ದನೆಯ ಬಿಳಿ ಸೋಫಾ. ಅಲ್ಲಿ ನಮ್ಮಂಥವರೇ ಕಾಯುತ್ತಿದ್ದರು: ಮನೆಯಲ್ಲಿ ಕೇಕ್ ಮಾಡುವ ಹೆಂಗಸು, ಟ್ಯೂಷನ್ ಮೇಷ್ಟ್ರು, ಮೂಳೆ ನೋವಿಗೆ ವ್ಯಾಯಾಮ ಮಾಡಿಸುವವನು. ಅಕ್ಕ ಸೋಫಾದ ನಟ್ಟನಡುವೆ ಕೂತು, ಮರದ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಗಂಟು ಹಾಕಲು ಶುರುಮಾಡಿದಳು.

ಗಾರ್ಡ್ ಬಂದ. "ಅಮ್ಮಾ, ಇಲ್ಲಿ ಕೂರೋ ಹಾಗಿಲ್ಲ."

"ಯಾಕಪ್ಪ? ನಾನು ನಿಮ್ಮ ಗಿರಾಕಿ. ಗಿರಾಕಿ ಕೂರ್ಲಿ ಅಂತ ತಾನೇ ಹಾಕಿರೋದು?"

ಅವನು ಬಾಗಿಲಿಗೆ ಮರಳಿದ. ಕೇಕಿನ ಹೆಂಗಸು ಕುತೂಹಲದಿಂದ, "ಏನು ಮಾಡ್ತಿದ್ದೀರಾ?" ಎಂದಳು. ಅಷ್ಟೇ ಸಾಕಾಗಿತ್ತು. ಅಕ್ಕ ಹೇಳಿದಳು. ಟೀಚರ್ ಎಂದಾಗಲಿ, ಯಾವ ಶಾಲೆ ಎಂದಾಗಲಿ ಹೇಳಲಿಲ್ಲ, ಉಳಿದದ್ದನ್ನೆಲ್ಲ ಹೇಳಿದಳು. ಹೊಸಬರು ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಹೇಳಿದಳು. ಕೇಳಿದವರಲ್ಲಿ ಕೆಲವರು ಫೋನು ತೆಗೆದು ಏನೋ ಅಳಿಸತೊಡಗಿದರು. ವ್ಯಾಯಾಮದವನು ಎದ್ದೇ ಹೋದ. ಅವನ ಹತ್ತಿರ ಗಿರಾಕಿಗಳ ಬೆನ್ನು, ಸೊಂಟದ ಫೋಟೋಗಳು ರಾಶಿ ಇದ್ದವಂತೆ. ಮರುದಿನವೂ ಹೋದೆವು. ಅದರ ಮರುದಿನವೂ ಹೋದೆವು. ಅಕ್ಕ ಊಟದ ಡಬ್ಬಿಯನ್ನು ಅಲ್ಲೇ ಬಿಚ್ಚಿ ಉಂಡಳು. ಬಿಳಿ ಸೋಫಾದ ತುಂಬ ಕಪ್ಪು ಕೂದಲಿನ ಎಳೆಗಳು.

ಕೊನೆಗೆ ಮಾಲೀಕನೇ ಹೊರಬಂದ. ನಯವಾದ ಮನುಷ್ಯ. ನಿಮ್ಮ ಬೀದಿಗೆ ಬಂದಿದ್ದ ಹುಡುಗ ಈಗ ನಮ್ಮಲ್ಲಿಲ್ಲ ಎಂದು ಮೊದಲು ಕೈ ತೊಳೆದುಕೊಂಡ. ಆಮೇಲೆ ಎಲ್ಲರಿಗೂ ಕೇಳಿಸುವಂತೆ ಹೇಳಿದ: "ನೀವು ಒಪ್ಪಿಗೆ ಕೊಟ್ಟಿದ್ದೀರಿ. ನಮ್ಮ ಹತ್ರ ದಾಖಲೆ ಇದೆ. ಅದೂ ಅಲ್ದೆ ಅಮ್ಮಾ, ಈಗಿನ ಕಾಲದಲ್ಲಿ ಗುಟ್ಟು ಅನ್ನೋದು ಎಲ್ಲಿದೆ? ತಪ್ಪು ಮಾಡ್ದೆ ಇರೋರಿಗೆ ಮುಚ್ಚಿಡೋಕೆ ಏನಿರುತ್ತೆ ಹೇಳಿ."

ಅಕ್ಕ ಕೊಕ್ಕೆಯನ್ನು ಬಲೆಗೆ ಸಿಕ್ಕಿಸಿ ಎದ್ದು ನಿಂತಳು. ಕೈ ಚಾಚಿದಳು. "ಹೌದಾ? ಹಾಗಾದ್ರೆ ಕೊಡು ನಿನ್ನ ಫೋನು."

"ಏನು?"

"ಫೋನು ಕೊಡು. ಫೋಟೋಗಳನ್ನ ತೆಗೆದು ಇಲ್ಲಿ ಕೂತಿರೋರಿಗೆಲ್ಲ ಒಂದೊಂದಾಗಿ ತೋರಿಸ್ತೀನಿ. ಮೆಸೇಜು ಓದಿ ಹೇಳ್ತೀನಿ. ತಪ್ಪು ಮಾಡಿಲ್ವಲ್ಲ ನೀನು?"

ಅವನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಟ್ಯೂಷನ್ ಮೇಷ್ಟ್ರು ಮೊದಲು ಕಿಸಕ್ಕೆಂದರು, ಆಮೇಲೆ ಇಡೀ ಸೋಫಾ ನಕ್ಕಿತು. ಅಕ್ಕ ಮಾತ್ರ ನಗಲಿಲ್ಲ. "ಆ ಹೆಣ್ಣುಮಗಳು ಏನು ತಪ್ಪು ಮಾಡಿದ್ಲೋ? ಹೇಳೋ! ಕೂದಲು ಇಲ್ದೆ ಇರೋದು ತಪ್ಪಾ? ನನ್ನ ನಂಬಿದ್ದು ತಪ್ಪಾ?" ಅವಳ ಕೂಗಿಗೆ ಗಾಜಿನಾಚೆ ಕೂತಿದ್ದ ಹುಡುಗ ಹುಡುಗಿಯರೆಲ್ಲ ಕಂಪ್ಯೂಟರಿನಿಂದ ತಲೆಯೆತ್ತಿ ನೋಡಿದರು.

ಮಾಲೀಕನ ಮುಖ ಕೆಂಪಾಯಿತು, ಆದರೆ ನಾಚಿಕೆಗೆ ಅಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ವ್ಯಾಪಾರ ಕೆಡುತ್ತಿತ್ತು, ಅದಕ್ಕೆ. "ತೆಗೆದುಹಾಕಿ ಸಾಯ್ಲಿ" ಎಂದು ಒಳಗಿನವರಿಗೆ ಕೂಗಿ ಹೇಳಿ ಹೋದ. ಸಂಜೆಯೊಳಗೆ ಜಾಹೀರಾತು ಮಾಯವಾಯಿತು.

ಗೆದ್ದೆವು ಎಂದು ನಾನು ಹಿಗ್ಗಿದೆ. ನನ್ನ ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಜಾಹೀರಾತಿನ ಜೊತೆಗೆ ನಕ್ಷೆಯಲ್ಲಿ ಅಕ್ಕನ ಅಂಗಡಿಗೂ ಅವರು ಬೀಗ ಹಾಕಿದ್ದರು. ಈಗ ಹುಡುಕಿದರೆ 'ಶಾಶ್ವತವಾಗಿ ಮುಚ್ಚಿದೆ' ಎಂದು ಬರುತ್ತಿತ್ತು. ಆ ಸಾಲಿನ ಕೆಳಗೆ, ಅವಳ ಹೊಸ್ತಿಲು ತುಳಿಯದವರು ಯಾರೋ ಒಂದೊಂದೇ ನಕ್ಷತ್ರ ಕೊಟ್ಟು ಬರೆದಿದ್ದರು. ವಿಗ್ಗಿನಲ್ಲಿ ಹೇನು ಸಿಕ್ಕಿತು ಎಂದು ಒಬ್ಬ. ಹೆಣದ ಕೂದಲು ಬಳಸುತ್ತಾಳೆ ಎಂದು ಇನ್ನೊಬ್ಬ. ನಾನು ಓದಿ ಹೇಳಿದಾಗ ಅಕ್ಕ, "ಸುಳ್ಳು ಹೇಳೋಕಾದ್ರೂ ಒಂದ್ಸಲ ಬಂದು ನೋಡ್ಬಾರ್ದಾ ಮುಂಡೇಮಕ್ಕಳು" ಎಂದು ಹಲ್ಲು ಕಡಿದಳು. ಫೋನನ್ನು ಮಗಳಿಗೆ ಕೊಟ್ಟು, ಗುಂಡಿ ಒತ್ತುವ ಹಳೇ ಕಾಲದ್ದೊಂದನ್ನು ತರಿಸಿಕೊಂಡಳು. ಆಸ್ಪತ್ರೆಗೆ ತಾನೇ ಹೋಗಿ ನರ್ಸುಗಳನ್ನು ಕಂಡು ಮಾತಾಡಿ ಬಂದಳು. ಅಲ್ಲೊಬ್ಬರು ಇಲ್ಲೊಬ್ಬರು ಬರತೊಡಗಿದರು. ಹಿಂದಿನಷ್ಟು ಬರಲಿಲ್ಲ, ಈಗಲೂ ಬರುವುದಿಲ್ಲ.

ಟೀಚರ್ ಅವರ ಚಿತ್ರವೂ ಸಾಯಲಿಲ್ಲ. ಯಾರ್‍ಯಾರೋ ಅದನ್ನು ಎತ್ತಿಕೊಂಡಿದ್ದರು. ಅವರು ಹೊಸ ಶಾಲೆಗೆ ಸೇರಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೋಗುತ್ತಿದ್ದ ದಿನಗಳಲ್ಲಿ, ಕೂದಲು ಬೆಳೆಸುವ ಯಾವುದೋ ಎಣ್ಣೆಯ ಜಾಹೀರಾತಿನಲ್ಲಿ ಮತ್ತೆ ಬಂತು. ಎಡಕ್ಕೆ ಬೋಳು ತಲೆ, ಬಲಕ್ಕೆ ಅಕ್ಕ ಹೆಣೆದ ಕೂದಲು. ಈ ಎಣ್ಣೆಯಿಂದಲೇ ಬೆಳೆದದ್ದು ಎಂಬ ಬರಹ.

ಅದನ್ನು ನೋಡಿದ ದಿನ ಟೀಚರ್ ಬಂದಾಗ ಅಕ್ಕ ಚಾಪೆಯ ಮೇಲೆ ಕೂತು ಕೂದಲು ಬಾಚುತ್ತಿದ್ದಳು. ಎದ್ದು ನಿಲ್ಲಲೂ ಧೈರ್ಯ ಸಾಲದೆ ಹಾಗೇ ಕೂತಳು.

"ನಿಮ್ಮ ಮೇಲೆ ನನಗೆ ಇನ್ನೂ ಕೋಪ ಇದೆ" ಎಂದರು ಟೀಚರ್.

"ಇರ್ಲಿ ಟೀಚರ್. ಇರ್ಬೇಕು."

"ನಾನು ಕೇಸ್ ಹಾಕ್ತೀನಿ. ಆ ಕಂಪನಿ ಮೇಲೆ, ಈ ಎಣ್ಣೆಯವರ ಮೇಲೆ. ನೀವು ಸಾಕ್ಷಿ ಹೇಳ್ಬೇಕು. ಫೋನು ಕೊಟ್ಟಿದ್ದು ನೀವೇ ಅಂತಾನೂ ಹೇಳ್ಬೇಕಾಗುತ್ತೆ."

"ಹೇಳ್ತೀನಿ."

"ಕೋರ್ಟಿಗೆ ಹಾಕ್ಕೊಂಡು ಹೋಗೋಕೆ ನನ್ನ ಕೂದಲು ಬೇಕು. ಇದ್ಯಾ?"

ಅಕ್ಕ ಎದ್ದು ಬೀರು ತೆಗೆದಳು. ತೊಳೆದು, ಒಣಗಿಸಿ, ಬಾಚಿ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಟೀಚರನ್ನು ಕೂರಿಸಿ, ತಲೆಗೆ ಹಾಕಿ, ಹಣೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು. ನಾನು ಕೆಳಗಿಳಿದು ಬಂದೆ.

ಕೇಸು ಇನ್ನೂ ನಡೆಯುತ್ತಿದೆ. ಕಂಪನಿಯ ಪರವಾಗಿ ಕರೀ ಕೋಟಿನ ದೊಡ್ಡ ಗುಂಪೇ ಬರುತ್ತದೆ, ನಮ್ಮ ಕಡೆ ಒಬ್ಬರೇ ವಕೀಲರು. ಒಪ್ಪಿಗೆ ಕೊಟ್ಟವಳು ಈಕೆ ಎಂದು ಕಂಪನಿಯ ವಕೀಲರು ಅಕ್ಕನ ಕಡೆ ಬೆರಳು ತೋರಿಸುತ್ತಾರೆ. ಫೋನು ನನ್ನದು, ಫೋಟೋ ನನ್ನದಲ್ಲ, ಬೇರೆಯವರ ಮುಖಕ್ಕೆ ನಾನು ಒಪ್ಪಿಗೆ ಕೊಡೋಕೆ ಹೇಗೆ ಬರುತ್ತೆ ಎಂದು ಅವಳು ಕಟಕಟೆಯಲ್ಲಿ ನಿಂತು ಕೇಳಿದಾಗ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. ಆಮೇಲೆ ಎಂದಿನಂತೆ ಮುಂದಕ್ಕೆ ಹಾಕಿದರು.

ಆವತ್ತು ಹೊರಗೆ ಕಾರಿಡಾರಿನಲ್ಲಿ ಅಕ್ಕನ ಕೋಪದ ಕಟ್ಟೆಯೊಡೆಯಿತು. ಕಂಪನಿಯನ್ನು, ಎಣ್ಣೆಯವರನ್ನು, ಅವರ ವಕೀಲರನ್ನು, ಇಂಟರ್ನೆಟ್ಟು ಕಂಡುಹಿಡಿದವನ ತಾತನನ್ನು ಸೇರಿಸಿ ಅವಳು ಉಗಿದ ಉಗಿತಕ್ಕೆ ಜವಾನ ಓಡಿ ಬಂದು, "ಅಮ್ಮಾ, ಇದು ಕೋರ್ಟು, ಮೆಲ್ಲಗೆ ಮಾತಾಡಿ" ಎಂದ.

"ಮೆಲ್ಲಗೆ ಮಾತಾಡಿದ್ದಕ್ಕೇ ಕಣೋ ಇಲ್ಲಿಗೆ ಬಂದಿದ್ದು!" ಎಂದಳು ಅಕ್ಕ.

ಟೀಚರ್ ಬೆಂಚಿನ ಮೇಲೆ ಕೂತಿದ್ದವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೇನೋ ಎಂದು ಗಾಬರಿಯಿಂದ ಹತ್ತಿರ ಹೋದೆ. ನಗುತ್ತಿದ್ದರು.